ಮಾತಿಲ್ಲದ ಏಳು ನಿಮಿಷ

ಎಲ್ಲರಿಗೂ ನಮಸ್ಕಾರ.

ಮಾತಾಡದೆ ಜಾದೂ ಮಾಡುವುದು ಹೇಗೆ ಅಂತ ಹೇಳಲು ನನ್ನ ಕೈಗೆ ಮೈಕು ಕೊಟ್ಟಿದ್ದೀರಿ. ಇರಲಿ. ಗುಟ್ಟು ಯಾವುದನ್ನೂ ಒಡೆಯುವುದಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಸಾಲಿನಲ್ಲಿ ಮೊಬೈಲ್ ಎತ್ತಿ ಹಿಡಿದವರು ಇಳಿಸಬಹುದು, ಸುಮ್ನೆ ಕೈ ನೋಯುತ್ತದೆ.

ಜಾದೂಗೆ ನಮ್ಮಲ್ಲಿ ಕಣ್ಕಟ್ಟು ಅನ್ನುತ್ತಾರೆ. ಆದರೆ ಸಂತೆಯಲ್ಲಿ ಆಟ ಹೂಡುತ್ತಿದ್ದ ಗಾರುಡಿಗನನ್ನು ನೆನಪು ಮಾಡಿಕೊಳ್ಳಿ. ಅವನು ಮೊದಲು ಕಟ್ಟುತ್ತಿದ್ದುದು ಕಿವಿಯನ್ನು. ಬಾಯಿ ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ. ನಾವು ಜಾದೂಗಾರರೂ ಅದನ್ನೇ ಮಾಡುತ್ತೇವೆ. 'ನೋಡಿ ಸಾರ್, ಈ ಡಬ್ಬ ಖಾಲಿ' ಅಂದರೆ ಅರ್ಧ ಜನ ನಂಬಿಬಿಡುತ್ತಾರೆ. ಮಾತು ತೆಗೆದುಬಿಟ್ಟರೆ ಆ ಡಬ್ಬ ಖಾಲಿ ಅಂತ ಕಾಣಲೇಬೇಕು. ಅದಕ್ಕಿಂತ ಜಾಸ್ತಿ ಕಷ್ಟದ್ದು, ಈ ಮನುಷ್ಯ ಡಬ್ಬ ಯಾಕೆ ತೋರಿಸುತ್ತಿದ್ದಾನೆ ಅನ್ನುವುದೂ ಕಾಣಬೇಕು. ಇಂದು ನಾನು ಹೇಳಲು ಬಂದಿರುವುದು ಈ 'ಯಾಕೆ' ಬಗ್ಗೆ.

ಮಾತಿಲ್ಲದೆ ಬರೀ ಮ್ಯೂಸಿಕ್‌ಗೆ ಮಾಡಿದ ನನ್ನ ಮೊದಲ ಮ್ಯೂಸಿಕಲ್ ಆ್ಯಕ್ಟ್ ಒಂದು ಗಣೇಶೋತ್ಸವದ ಪೆಂಡಾಲಿನಲ್ಲಿ ಆಯಿತು. ಆರು ನಿಮಿಷಕ್ಕೆ ಒಂಬತ್ತು ಐಟಂ. ಕರವಸ್ತ್ರ, ಹೂವು, ಕೋಲು, ಹಗ್ಗ, ಚೆಂಡು, ಕೊಡೆ, ಏನು ಬೇಕು ಹೇಳಿ. ಹಿಂದೆ ಜೋರು ಮ್ಯೂಸಿಕ್. ಕೈ ಎಲ್ಲೂ ತಪ್ಪಲಿಲ್ಲ. ಮುಗಿದ ಮೇಲೆ ಮುಂದಿನ ಸಾಲಿನಲ್ಲಿದ್ದ ಒಬ್ಬರು ಅಜ್ಜಿ ಕರೆದರು. ಹೊಗಳುತ್ತಾರೆ ಅಂದುಕೊಂಡು ಹೋದೆ. "ಯಾರಪ್ಪಾ ನಿನ್ನ ಅಟ್ಟಿಸಿಕೊಂಡು ಬಂದಿದ್ದು? ಒಂದನ್ನೂ ನೆಟ್ಟಗೆ ನೋಡೋಕೆ ಬಿಡಲಿಲ್ಲ" ಅಂದರು. ಆ ರಾತ್ರಿ ಬಹಳ ಬೇಜಾರಾಯಿತು. ಕರವಸ್ತ್ರ ಬಂದದ್ದು ಯಾಕೆ, ಅದಾದ ಮೇಲೆ ಕೊಡೆ ಯಾಕೆ ಅಂತ ಅಜ್ಜಿಗೆ ಹೇಳಲು ನನ್ನ ಹತ್ತಿರ ಏನೂ ಇರಲಿಲ್ಲ. ಅಂಗಡಿಯಲ್ಲಿ ಸಿಕ್ಕಿತು, ತಂದೆ, ಮಾಡಿದೆ. ಅಷ್ಟೇ.

ಈಗ ಕಾರ್ಡಿನಿ ಅನ್ನುವ ಹಳೆಯ ಕಾಲದ ಜಾದೂಗಾರನ ವಿಷಯಕ್ಕೆ ಬರುತ್ತೇನೆ. ನಿಜವಾದ ಹೆಸರು ರಿಚರ್ಡ್ ಪಿಚ್‌ಫೋರ್ಡ್. 1895ರಲ್ಲಿ ವೇಲ್ಸ್‌ನಲ್ಲಿ ಹುಟ್ಟಿದವನು, ಆಮೇಲೆ ಅಮೆರಿಕದಲ್ಲಿ ಹೆಸರು ಮಾಡಿದ. ಮೊದಲ ಮಹಾಯುದ್ಧದ ಕಂದಕಗಳ ಚಳಿಯಲ್ಲಿ ಗ್ಲೌಸ್ ಹಾಕಿಕೊಂಡೇ ಇಸ್ಪೀಟು ಎಲೆ ಆಡಿಸುವುದನ್ನು ಕಲಿತ ಅಂತ ಹೇಳುತ್ತಾರೆ. ಅವನ ಆ್ಯಕ್ಟ್‌ನ ಒಂದು ಟಿವಿ ರೆಕಾರ್ಡಿಂಗ್ ಇದೆ, 1957ರದ್ದು. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಅದರಲ್ಲಿ ಅವನು ಸ್ವಲ್ಪ ಜಾಸ್ತಿ ಕುಡಿದ ದೊಡ್ಡಮನುಷ್ಯ. ಒಂದು ಕಣ್ಣಿಗೆ ಒಂಟಿ ಕನ್ನಡಕ, ಕೈಗೆ ಬಿಳಿ ಗ್ಲೌಸ್. ಪಕ್ಕದಲ್ಲಿ ಹೋಟೆಲ್ ಹುಡುಗನ ಯೂನಿಫಾರ್ಮ್ ಹಾಕಿದ ಅವನ ಹೆಂಡತಿ ಸ್ವಾನ್. ಇವನ ಪಾಡಿಗೆ ಇವನಿದ್ದಾನೆ. ಇದ್ದಕ್ಕಿದ್ದಂತೆ ಕೈಯಲ್ಲಿ ಎಲೆಗಳ ಬೀಸಣಿಗೆ. ಇವನು ಅದನ್ನು ಕರೆದೇ ಇಲ್ಲ! ಹುಬ್ಬು ಏರುತ್ತದೆ, ಒಂಟಿ ಕನ್ನಡಕ ಜಾರಿ ಬೀಳುತ್ತದೆ. ಎಲೆ ಬಿಸಾಡುತ್ತಾನೆ. ಮತ್ತೆ ಬರುತ್ತದೆ. ಬಿಸಾಡಿದಷ್ಟೂ ಬರುತ್ತದೆ. ಆಮೇಲೆ ಉರಿಯುವ ಸಿಗರೇಟು, ಬಿಲಿಯರ್ಡ್ ಚೆಂಡು. ಅವನು ಜಾದೂ ಮಾಡುತ್ತಿಲ್ಲ. ಜಾದೂ ಅವನ ಬೆನ್ನು ಬಿದ್ದಿದೆ. 'ನಾನೆಷ್ಟು ಚಾಲಾಕು ನೋಡಿ' ಅಂತ ಒಂದು ಸಲವೂ ಅವನ ಮುಖ ಹೇಳುವುದಿಲ್ಲ. 'ಥತ್, ಮತ್ತೆ ಬಂತಲ್ಲಾ' ಅನ್ನುತ್ತದೆ. ನಮ್ಮ ಒಬ್ಬೊಬ್ಬರು ಪ್ರತಿ ಐಟಂ ಆದ ಮೇಲೂ ಎರಡೂ ಕೈ ಅಗಲಿಸಿ ಹಲ್ಲು ಬಿಡುತ್ತೇವಲ್ಲ, ಅದನ್ನು ನೆನೆದರೆ ನನಗೀಗ ನಾಚಿಕೆಯಾಗುತ್ತದೆ.

ಹಾಗಂತ ಕಾರ್ಡಿನಿಯ ಉದ್ದ ಕೋಟು ಹೊಲಿಸಿಕೊಂಡು ಬರಬೇಡಿ. ಅವನ ಕಾಲಕ್ಕೆ, ಅವನ ಪ್ರೇಕ್ಷಕರಿಗೆ ಅದು ರಾತ್ರಿ ಪಾರ್ಟಿಯ ಬಟ್ಟೆ. ನಮ್ಮ ಊರಲ್ಲಿ ಅದನ್ನು ಹಾಕಿಕೊಂಡರೆ ಮದುವೆಯ ಬ್ಯಾಂಡ್‌ಸೆಟ್‌ನವನು ತಪ್ಪಿ ಸ್ಟೇಜ್ ಹತ್ತಿದ ಹಾಗಿರುತ್ತದೆ.

ನಾನು ಮಾಡಿಕೊಂಡ ಪಾತ್ರ ಬಸ್ ಕಂಡಕ್ಟರ್. ಗಾಳಿಯಿಂದ ನಾಣ್ಯ ಹಿಡಿದು ಪಾತ್ರೆಗೆ ಹಾಕುವ ಐಟಂ ನಿಮಗೆಲ್ಲ ಗೊತ್ತು. ಬಹಳ ಹಳೆಯದು. 19ನೇ ಶತಮಾನದ ಕೊನೆಗೆ ಟಿ. ನೆಲ್ಸನ್ ಡೌನ್ಸ್ ಎಂಬ ಅಮೆರಿಕದವನು ಅದರಿಂದಲೇ ನಾಣ್ಯಗಳ ರಾಜ ಅನ್ನಿಸಿಕೊಂಡ. ಅವರು ಅದಕ್ಕೆ ಜಿಪುಣನ ಕನಸು ಅನ್ನುತ್ತಾರೆ. ನಮ್ಮಲ್ಲಿ ನಾಣ್ಯಕ್ಕಾಗಿ ಯಾರು ಕನಸು ಕಾಣುತ್ತಾರೆ? ಕಂಡಕ್ಟರ್! ಚಿಲ್ಲರೆ ಇಲ್ಲದ ಕಂಡಕ್ಟರ್.

ಹೀಗೆ ಶುರು. ಖಾಕಿ ಬಟ್ಟೆ, ಹೆಗಲಿಗೆ ಚೀಲ, ಬಾಯಲ್ಲಿ ವಿಷಲ್. ಕುರ್ಚಿಯ ಮೇಲೆ ಒಬ್ಬ ಪ್ರಯಾಣಿಕ, ನನ್ನ ಅಕ್ಕನ ಮಗ. ನೂರರ ನೋಟು ಚಾಚುತ್ತಾನೆ. ನಾನು ನೋಟು ನೋಡುತ್ತೇನೆ, ಅವನ ಮುಖ ನೋಡುತ್ತೇನೆ. ಇಷ್ಟಕ್ಕೇ ಜನ ನಗುತ್ತಾರೆ, ಎಲ್ಲರೂ ಬಸ್ಸಿನಲ್ಲಿ ಓಡಾಡಿದವರೇ. ಚೀಲ ತಲೆಕೆಳಗು ಮಾಡುತ್ತೇನೆ, ಏನೂ ಬೀಳುವುದಿಲ್ಲ. ಜೇಬು ಎಳೆಯುತ್ತೇನೆ. ಊಟದ ಡಬ್ಬಿ ತೆಗೆದು ಅದನ್ನೂ ಬೋರಲು ಹಾಕಿ ತಟ್ಟುತ್ತೇನೆ. ಗಮನಿಸಿದಿರಾ? ಚೀಲ, ಜೇಬು, ಡಬ್ಬಿ, ಕೈ ಎಲ್ಲ ಖಾಲಿ ಅಂತ ತೋರಿಸಿ ಆಯಿತು. ಆದರೆ ತೋರಿಸಿದೆ ಅಂತ ಯಾರಿಗೂ ಅನ್ನಿಸಲಿಲ್ಲ. ಕಂಡಕ್ಟರ್ ಚಿಲ್ಲರೆ ಹುಡುಕುತ್ತಿದ್ದಾನೆ, ಅಷ್ಟೇ.

ಆಮೇಲೆ ಟಿಕೆಟ್ ಹಿಂದೆ ಬಾಕಿ ಬರೆದು ಕೊಡುತ್ತೇನೆ. ಆಗ ಅವನ ಕಿವಿ ಹತ್ತಿರ ಒಂದು ನಾಣ್ಯ ಹೊಳೆಯುತ್ತದೆ. ಇಲ್ಲಿ ನಾನು ಪೂರಾ ಮೂರು ಸೆಕೆಂಡು ನಿಲ್ಲುತ್ತೇನೆ. ಸ್ಟೇಜ್ ಮೇಲೆ ಮೂರು ಸೆಕೆಂಡು ಅಂದರೆ ಯುಗ. ಮೊದಮೊದಲು ಒಂದೂವರೆಗೇ ಓಡಿಬಿಡುತ್ತಿದ್ದೆ. ಆ ಮೂರು ಸೆಕೆಂಡಿನಲ್ಲೇ ಜನ ನನ್ನ ಜೊತೆ ಅಚ್ಚರಿ ಪಡುವುದು.

ನಾಣ್ಯ ಚರ್ಮದ ಚೀಲಕ್ಕೆ ಬಿದ್ದರೆ ಸದ್ದಿಲ್ಲ. ಡಬ್ಬಿ ತಂದದ್ದು ಅದಕ್ಕೂ ಹೌದು. ಸ್ಟೀಲಿಗೆ ಟಣ್ ಅಂತ ಬೀಳಬೇಕು. ಮಾತು ಬೇಡ ಅಂದರೆ ಸದ್ದು ಬೇಡ ಅಂತಲ್ಲ. ವಿಷಲ್ ಒಂದು ಸಲ ಊದಿದರೆ ಗಾಡಿ ನಿಲ್ಲು, ಎರಡು ಸಲ ಊದಿದರೆ ಹೊರಡು. ಇಷ್ಟು ಭಾಷೆ ಎಲ್ಲರಿಗೂ ಬರುತ್ತದೆ. ಇನ್ನು ನಾಣ್ಯದ ಸೈಜು. ಈಗಿನ ಒಂದು ರೂಪಾಯಿ ಐದನೇ ಸಾಲಿಗೂ ಕಾಣುವುದಿಲ್ಲ. ಹತ್ತು ರೂಪಾಯಿಯದು 27 ಮಿಲಿಮೀಟರ್ ಅಗಲ, ಎರಡು ಬಣ್ಣ ಬೇರೆ, ಪರವಾಗಿಲ್ಲ. ಅಂಗಡಿಯವರು ಬೇಡ ಅನ್ನುತ್ತಿದ್ದ ನಾಣ್ಯ ಕೊನೆಗೆ ನನ್ನಂಥವನ ಕೈ ಸೇರಿತು.

ಕಣ್ಣಿನ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗುಸ್ತಾವ್ ಕೂನ್ ಮತ್ತು ಮೈಕೆಲ್ ಲ್ಯಾಂಡ್ ಎಂಬ ಇಬ್ಬರು ಸಂಶೋಧಕರು 2006ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ಜಾದೂಗಾರ ಚೆಂಡನ್ನು ಎರಡು ಸಲ ಮೇಲೆ ಎಸೆದು ಹಿಡಿಯುತ್ತಾನೆ. ಮೂರನೇ ಸಲ ಎಸೆದ ಹಾಗೆ ನಟಿಸುತ್ತಾನೆ, ಚೆಂಡು ಕೈಯಲ್ಲೇ ಇರುತ್ತದೆ. ಅವನ ಕಣ್ಣು ಮೇಲೆ ಹೋದರೆ ನೂರಕ್ಕೆ 68 ಜನ ಚೆಂಡು ಮೇಲೆ ಹೋದದ್ದನ್ನು ನೋಡಿದೆವು ಅಂದರು. ಕಣ್ಣು ಕೈಯ ಮೇಲೇ ಇದ್ದಾಗ 32 ಜನ. ಕೈ ಅದೇ, ಚೆಂಡು ಅದೇ. ಅಂದರೆ ಜನ ನಮ್ಮ ಮುಖ ಓದುತ್ತಿರುತ್ತಾರೆ. ಮಾತಿಲ್ಲದವನಿಗೆ ಇದು ಇನ್ನೂ ಮುಖ್ಯ. ನೀವೇ ನಿಮ್ಮ ಕಳ್ಳ ಕೈಯನ್ನು ನೋಡುತ್ತಿದ್ದರೆ ಅವರು ಇನ್ನೆಲ್ಲಿ ನೋಡಬೇಕು?

ಕನ್ನಡಿ ಮುಂದೆ ಅಭ್ಯಾಸ ಮಾಡಿ, ಆದರೆ ಕನ್ನಡಿಯನ್ನು ನಂಬಬೇಡಿ. ಸರಿಯಾಗಿ ಕೈಚಳಕದ ಹೊತ್ತಿಗೆ ನಮಗೇ ಗೊತ್ತಿಲ್ಲದೆ ಕಣ್ಣು ಮುಚ್ಚಿಬಿಡುತ್ತೇವೆ. ನಾವು ನಮಗೇ ಮೋಸ ಮಾಡಿಕೊಳ್ಳುತ್ತೇವೆ. ಮೊಬೈಲ್ ನಿಲ್ಲಿಸಿ ವಿಡಿಯೋ ಮಾಡಿಕೊಳ್ಳಿ. ನಾನು ಮೊದಲ ಸಲ ನೋಡಿಕೊಂಡಾಗ ಏಳು ನಿಮಿಷದಲ್ಲಿ ಹನ್ನೊಂದು ಸಲ ಕಣ್ಣು ಮುಚ್ಚಿದ್ದೆ, ಹನ್ನೊಂದೂ ಕಳ್ಳತನದ ಜಾಗವೇ.

ಏಳು ನಿಮಿಷ ಯಾಕೆ ಅಂತ ಕೇಳಬಹುದು. ಫಿಸ್ಮ್ ಅನ್ನುವ ವಿಶ್ವ ಮಟ್ಟದ ಜಾದೂ ಸ್ಪರ್ಧೆಯಲ್ಲಿ ಸ್ಟೇಜ್ ಆ್ಯಕ್ಟ್‌ಗೆ 5ರಿಂದ 10 ನಿಮಿಷ ಕೊಡುತ್ತಾರೆ. ನನಗೆ ಅಲ್ಲಿಗೆ ಹೋಗುವ ಆಸೆಯೇನೂ ಇಲ್ಲ. ಏಳಾದ ಮೇಲೆ ಮುಂದಿನ ಸಾಲಿನ ಮಕ್ಕಳು ನೀರು ಕೇಳುತ್ತಾರೆ, ಅದಕ್ಕೆ.

ಮ್ಯೂಸಿಕ್ ಒಂದೇ ಉದ್ದ ಫೈಲ್ ಆಗಿ ಇಟ್ಟುಕೊಳ್ಳಬೇಡಿ. ಒಂದು ಊರಿನಲ್ಲಿ ಜನ ನಾನು ಎಣಿಸಿದ್ದಕ್ಕಿಂತ ಜಾಸ್ತಿ ಹೊತ್ತು ಚಪ್ಪಾಳೆ ತಟ್ಟಿದರು. ಹಾಡು ನನ್ನನ್ನು ಬಿಟ್ಟು ಮುಂದೆ ಹೋಯಿತು. ಉಳಿದ ಹೊತ್ತೆಲ್ಲ ಹೊರಟ ಬಸ್ಸಿನ ಹಿಂದೆ ಓಡಿದ ಹಾಗಾಯಿತು. ಈಗ ಮೂರು ತುಂಡು ಮಾಡಿದ್ದೇನೆ. ನಾನು ವಿಷಲ್ ಊದಿದರೆ ಮಾತ್ರ ಸೌಂಡಿನವನು ಮುಂದಿನದನ್ನು ಹಾಕುತ್ತಾನೆ.

ಹಾಲ್ ಬಗ್ಗೆ ಒಂದೆರಡು ಮಾತು. ರವೀಂದ್ರ ಕಲಾಕ್ಷೇತ್ರದಂಥ ರಂಗಮಂದಿರ ಸಿಕ್ಕರೆ ಪುಣ್ಯ. ನಮಗೆ ಸಿಗುವುದು ಕಲ್ಯಾಣ ಮಂಟಪ. ಮಕ್ಕಳು ಸ್ಟೇಜಿನ ಮೆಟ್ಟಿಲ ಮೇಲೆ, ವಿಡಿಯೋದವನು ನಿಮ್ಮ ಬೆನ್ನ ಹಿಂದೆ, ತಲೆ ಮೇಲೆ ಫ್ಯಾನು. ಒಮ್ಮೆ ನನ್ನ ಕೊನೆಯ ರೇಷ್ಮೆ ಕರವಸ್ತ್ರ ಫ್ಯಾನಿಗೆ ಸುತ್ತಿಕೊಂಡು ಐದು ಸುತ್ತು ಹೊಡೆಯಿತು. ಅವತ್ತು ದೊಡ್ಡ ಚಪ್ಪಾಳೆ ಅದಕ್ಕೇ ಬಿತ್ತು. ಮೊದಲೇ ಹೋಗಿ ನಾಲ್ಕೂ ಮೂಲೆಯಲ್ಲಿ ಕೂತು ನೋಡಿ. ಪಕ್ಕದಿಂದ ಕಾಣುವ ಐಟಂ ಎಷ್ಟೇ ಇಷ್ಟವಿದ್ದರೂ ಕೈಬಿಡಿ. ಒಂಬತ್ತರಿಂದ ಮೂರಕ್ಕೆ ನಾನು ಇಳಿದದ್ದು ಹೀಗೇ.

ಕೊನೆ ಹೇಗೆ? ಡಬ್ಬಿ ತುಂಬಿತು. ಕಂಡಕ್ಟರ್ ಖುಷಿಯಿಂದ ಬಾಕಿ ಕೊಡಲು ತಿರುಗುತ್ತಾನೆ. ಕುರ್ಚಿ ಖಾಲಿ, ಅದರ ಮೇಲೆ ಟಿಕೆಟ್ ಮಾತ್ರ ಇದೆ. ಅವನ ಸ್ಟಾಪ್ ಬಂದು ಇಳಿದು ಹೋಗಿದ್ದಾನೆ. ಕಂಡಕ್ಟರ್ ಡಬ್ಬಿ ಬಗ್ಗಿಸುತ್ತಾನೆ, ಈಗ ಒಂದು ನಾಣ್ಯವೂ ಇಲ್ಲ. ಎರಡು ವಿಷಲ್, ಲೈಟ್ ಆಫ್. ಟಿಕೆಟ್ ನೋಡುವುದು ಮೊದಲೋ ಡಬ್ಬಿ ಬಗ್ಗಿಸುವುದು ಮೊದಲೋ, ಇನ್ನೂ ನನಗೆ ಇತ್ಯರ್ಥವಾಗಿಲ್ಲ. ಎರಡೂ ಥರ ಮಾಡಿ ತೋರಿಸುತ್ತೇನೆ, ನೀವೇ ಹೇಳಿ. ಪ್ರಯಾಣಿಕ ಇವತ್ತು ಪರೀಕ್ಷೆ ಅಂತ ಬಂದಿಲ್ಲ. ಯಾರಾದರೂ ಒಬ್ಬರು ಬಂದು ಈ ಕುರ್ಚಿಯಲ್ಲಿ ಕೂರಿ. ನೂರರ ನೋಟು ನಿಮ್ಮದೇ ತನ್ನಿ.