ಹೊಳೆಯ ಬಂಡೆ ಮತ್ತು ನೀರುನಾಯಿ

ಎಲ್ಲರಿಗೂ ನಮಸ್ಕಾರ.

ಆನೆಗೊಂದಿ ಹತ್ತಿರ ಒಂದು ಬೆಳಿಗ್ಗೆ ಹೊಳೆ ದಂಡೆಗೆ ಹೋಗಿದ್ದೆ. ನೀರಿಗೆ ತಾಗಿಕೊಂಡ ಚಪ್ಪಟೆ ಬಂಡೆ ಮೇಲೆ ಹಿಕ್ಕೆ ಬಿದ್ದಿತ್ತು. ಕಡ್ಡಿಯಿಂದ ಬಿಡಿಸಿ ನೋಡಿದರೆ ಒಳಗೆಲ್ಲ ಮೀನಿನ ಹುರುಪೆ, ಸಣ್ಣ ಮುಳ್ಳು, ಏಡಿ ಚಿಪ್ಪಿನ ಚೂರು. ಬಿಸಿಲು ಬಿದ್ದು ಹುರುಪೆ ಮಿನುಗುತ್ತಿತ್ತು. ವಾಸನೆ ಮಾತ್ರ ಕೇಳಬೇಡಿ! ನೀರುನಾಯಿಗಳ ಗುಂಪು ಅದೇ ಬಂಡೆಗೆ ಮತ್ತೆ ಮತ್ತೆ ಬರುತ್ತದೆ. ಇಲ್ಲಿ ನಾವಿದ್ದೇವೆ ಅಂತ ಬೇರೆ ಗುಂಪಿಗೆ ಆ ವಾಸನೆಯೇ ತಿಳಿಸುತ್ತದೆ.

ಗಂಗಾವತಿಯಲ್ಲಿ ಕೂತ ನಮಗೆ ಕಾಡುಪ್ರಾಣಿ ಅಂದರೆ ಬಂಡೀಪುರ, ನಾಗರಹೊಳೆ ನೆನಪಾಗುತ್ತವೆ. ಆದರೆ ಮುದ್ಲಾಪುರದಿಂದ ಕಂಪ್ಲಿವರೆಗೆ ಸುಮಾರು 34 ಕಿಲೋಮೀಟರ್ ತುಂಗಭದ್ರೆ 2015ರಿಂದ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ. ನಮ್ಮ ಮನೆ ಪಕ್ಕದ್ದೇ ಅಲ್ವಾ?

ಇಲ್ಲಿರುವುದು ನುಣುಪು ಮೈಯ ನೀರುನಾಯಿ. ಬಾಲ ಸೇರಿದರೆ ಒಂದು ಮೀಟರಿಗಿಂತ ಉದ್ದ. ಬೆರಳ ನಡುವೆ ಜಾಲಪೊರೆ ಇದೆ, ಬಾಲ ಚಪ್ಪಟೆ. ಕದಡಿದ ನೀರಿನಲ್ಲಿ ಮೀನು ಎಲ್ಲಿ ಅಲುಗಿತು ಅಂತ ಮೀಸೆ ಕೂದಲಿನಿಂದಲೇ ಗೊತ್ತುಮಾಡಿಕೊಳ್ಳುತ್ತದೆ. ಸಂಸಾರ ಸಮೇತ ಬೇಟೆಗೆ ಇಳಿಯುತ್ತದೆ. ಮರಿ ಹಾಕಲು ಮಾತ್ರ ಅದಕ್ಕೆ ಒಣ ಜಾಗ ಬೇಕು: ಬಂಡೆ ಸಂದಿ, ದಂಡೆಯ ಮಣ್ಣಿನ ಬಿಲ, ಪಕ್ಕದಲ್ಲಿ ಮರೆಗೆ ಆಪು ಅನ್ನುವ ಜೊಂಡುಹುಲ್ಲು. ಹೊಳೆಯಲ್ಲಿ ಮೀನು ಎಷ್ಟಿದ್ದರೂ ದಂಡೆ ಬೋಳಾದರೆ ಅದು ಉಳಿಯುವುದಿಲ್ಲ. ಇವತ್ತು ನಾನು ಮುಖ್ಯವಾಗಿ ಹೇಳಬೇಕಾಗಿರುವುದೇ ಇದು.

ಈ ಬಂಡೆಗಳಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಯಾರೋ ತಂದು ಪೇರಿಸಿದಂತೆ ಕಾಣುತ್ತವೆ. ಹಾಗಲ್ಲ, ನೆಲದೊಳಗಿನ ಕಲ್ಲು ಬಿರುಕು ಬಿಟ್ಟು, ಮಳೆ ಬಿಸಿಲಿಗೆ ಅಂಚು ಸವೆದು ದುಂಡಗಾಯಿತು. ವಿಜಯನಗರದವರು ಹೊಳೆಯ ಈ ಬಂಡೆಗಳನ್ನೇ ಆಸರೆ ಮಾಡಿಕೊಂಡು, ನಡುವೆ ಕಲ್ಲು ಜೋಡಿಸಿ ಒಡ್ಡು ಕಟ್ಟಿದರು. ಅಲ್ಲಿಂದ ಕಾಲುವೆ ತೆಗೆದರು. ಆಚೆ ದಡದ ತುರ್ತಾ ಕಾಲುವೆ ಇವತ್ತಿಗೂ ಬಾಳೆ ತೋಟಕ್ಕೆ ನೀರು ಕೊಡುತ್ತಿದೆ. ಹಂಪಿ ನೋಡಲು ಹೋದವರು ಗುಡಿ ನೋಡಿ ಬರುತ್ತಾರೆ. ಈ ಕಾಲುವೆ ಹತ್ತಿರ ಹತ್ತು ನಿಮಿಷ ನಿಲ್ಲಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಅದೇ ಬಂಡೆಯನ್ನು ಈಗ ಸಿಡಿಸಿ ಒಡೆಯುತ್ತೇವೆ. ಮರಳು ಬಗೆಯುತ್ತೇವೆ. ಆಪು ಕಡಿದು ಗದ್ದೆಯನ್ನು ನೀರಿನ ಅಂಚಿನವರೆಗೂ ಚಾಚುತ್ತೇವೆ. ಕೆಲವರು ಮಡುವಿಗೆ ಸಿಡಿಮದ್ದು ಹಾಕಿ ಮೀನು ಹಿಡಿಯುತ್ತಾರೆ. ಆಗ ದೊಡ್ಡ ಮೀನಿನ ಜೊತೆ ಮರಿ ಮೀನೂ ಸಾಯುತ್ತದೆ. ಬಲೆ ಹಾಕುವವನಿಗೂ ಮುಂದೆ ಏನೂ ಸಿಗುವುದಿಲ್ಲ.

ಮೀನುಗಾರರ ಕಷ್ಟವೂ ಸುಳ್ಳಲ್ಲ. ಹರಗೋಲಿನಲ್ಲಿ ನನ್ನನ್ನು ಕರೆದೊಯ್ದ ಹಿರಿಯರೊಬ್ಬರು ನೀರುನಾಯಿ ಹರಿದುಹಾಕಿದ ಬಲೆ ಬಿಡಿಸಿ ತೋರಿಸಿದರು. ಕೈ ತೂರುವಷ್ಟು ದೊಡ್ಡ ತೂತು. "ನೋಡ್ರಿ ಸರ, ಎರಡು ದಿನದ ಕೆಲಸ ಹಾಳಾತು" ಅಂದರು. ಒಂದು ಗಳಿಗೆ ಬಿಟ್ಟು, "ಆದ್ರ ಅವು ಇದ್ದಲ್ಲೇ ಮೀನು ಇರ್ತಾವ್ರಿ" ಅಂತಲೂ ಅಂದರು. ಬಲೆ ಹರಿದವನ ಕೈಗೆ ಪರಿಹಾರ ಸೇರದಿದ್ದರೆ ಅವನಿಗೆ ನೀರುನಾಯಿ ಉಳಿಸು ಅಂತ ಹೇಳುವುದು ಸರಿಯಲ್ಲ. ನನಗಂತೂ ಹೇಳಲು ಬಾಯಿ ಬರುವುದಿಲ್ಲ.

ಸಂರಕ್ಷಣಾ ಮೀಸಲು ಅಂದರೆ ಊರು ಎಬ್ಬಿಸುವುದಲ್ಲ. ಅದರ ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಗಳ ಪ್ರತಿನಿಧಿಗಳಿಗೆ ಕಾನೂನೇ ಜಾಗ ಕೊಟ್ಟಿದೆ. ದಂಡೆ ಊರುಗಳಿಂದ ಬಂದವರು ಇಲ್ಲಿದ್ದೀರಿ. ನಿಮ್ಮ ಪಂಚಾಯಿತಿಯಿಂದ ಸಮಿತಿಗೆ ಯಾರು ಹೋಗುತ್ತಾರೆ ಅಂತ ವಿಚಾರಿಸಿ. ಬಲೆ ಪರಿಹಾರ, ದಂಡೆಯ ಆಪು, ಇವೆರಡನ್ನೂ ಮುಂದಿನ ಗ್ರಾಮಸಭೆಯಲ್ಲಿ ಎತ್ತಿ. ಅದಕ್ಕೂ ಮೊದಲು ಒಂದು ಬೆಳಿಗ್ಗೆ ಹೊಳೆಗೆ ಹೋಗಿ, ಸದ್ದು ಮಾಡದೆ ಸುಮ್ನೆ ಕೂತುಕೊಳ್ಳಿ. ಹಿಕ್ಕೆ ಇರುವ ಬಂಡೆಯಿಂದ ಸ್ವಲ್ಪ ದೂರ ಇರಿ.