ಅಕ್ಕಿ ಚೀಲ ಹೊತ್ತು ಮೆಟ್ಟಿಲು ಹತ್ತಿದ್ದು ಯಾಕೆ? | ಅಮೆರಿಕದ ಕೌಂಟಿ ಫೈರ್ ಡಿಪಾರ್ಟ್‌ಮೆಂಟ್ ಕೆಲಸಕ್ಕೆ ನನ್ನ ಪರೀಕ್ಷೆ

ನಮಸ್ಕಾರ ಎಲ್ಲರಿಗೂ. ಬೆಳಗ್ಗೆ ಐದೂವರೆ. ಇದು ಉತ್ತರ ವರ್ಜೀನಿಯಾದಲ್ಲಿರುವ ನಮ್ಮ ಅಪಾರ್ಟ್‌ಮೆಂಟಿನ ಮೆಟ್ಟಿಲು. ಕ್ಯಾಮೆರಾ ಹಿಡಿದವನು ನನ್ನ ತಮ್ಮ. ಅವನಿಗಿನ್ನೂ ನಿದ್ದೆ ಬಿಟ್ಟಿಲ್ಲ, ಅದಕ್ಕೇ ಸ್ವಲ್ಪ ಅಲ್ಲಾಡುತ್ತಿದೆ.

ಬೆನ್ನ ಮೇಲಿನ ಬ್ಯಾಗಿನಲ್ಲಿ ಏನಿದೆ ಅಂತ ತುಂಬಾ ಜನ ಕೇಳಿದ್ದಿರಿ. ಸೋನಾ ಮಸೂರಿ. 20 ಪೌಂಡಿನ ಎರಡು ಚೀಲ, ಮೇಲೆ 10 ಪೌಂಡ್ ತೊಗರಿಬೇಳೆ. ಒಟ್ಟು 50 ಪೌಂಡ್, ಅಂದರೆ ಹೆಚ್ಚುಕಡಿಮೆ 23 ಕೆಜಿ. ಪರೀಕ್ಷೆಯಲ್ಲಿ ಇಷ್ಟೇ ತೂಕದ ಜಾಕೆಟ್ ಹಾಕಿಸುತ್ತಾರೆ. ಮೆಟ್ಟಿಲ ಯಂತ್ರ ಹತ್ತುವಾಗ ಹೆಗಲ ಮೇಲೆ ಇನ್ನೂ 25 ಪೌಂಡ್ ಸೇರುತ್ತದೆ.

ಪರೀಕ್ಷೆಯ ಹೆಸರು ಸಿಪ್ಯಾಟ್ (CPAT), ಅಂದರೆ ಅಭ್ಯರ್ಥಿಗಳ ದೈಹಿಕ ಸಾಮರ್ಥ್ಯದ ಪರೀಕ್ಷೆ. ಎಂಟು ಕೆಲಸ, ಒಂದರ ಹಿಂದೆ ಒಂದು, 10 ನಿಮಿಷ 20 ಸೆಕೆಂಡಿನ ಒಳಗೆ ಮುಗಿಯಬೇಕು. ಮಧ್ಯೆ ಓಡುವ ಹಾಗಿಲ್ಲ, ನಡೆಯಬೇಕು. ಗಂಡಸರಿಗೆ ಹೆಂಗಸರಿಗೆ ಬೇರೆ ಬೇರೆ ಸಮಯ ಇಲ್ಲ. ಅದೇ ಸರಿ ಅಂತ ನನ್ನ ಅಭಿಪ್ರಾಯ. ಬೆಂಕಿಗೆ ನಾನು ಯಾರು ಅಂತ ಗೊತ್ತಾಗುವುದಿಲ್ಲ.

ಊರಿನವರಿಗೆ ಒಂದು ಮಾತು. ನಮ್ಮಲ್ಲಿ ಇಡೀ ರಾಜ್ಯಕ್ಕೆ ಒಂದೇ ಅಗ್ನಿಶಾಮಕ ಇಲಾಖೆ. ಇಲ್ಲಿ ಹಾಗಲ್ಲ. ಕೌಂಟಿ ಅಂದರೆ ಸುಮಾರಾಗಿ ನಮ್ಮ ಜಿಲ್ಲೆ ಇದ್ದ ಹಾಗೆ. ಇಲ್ಲಿ ಉತ್ತರ ವರ್ಜೀನಿಯಾದಲ್ಲಿ ಒಂದೊಂದು ಕೌಂಟಿಗೂ ತನ್ನದೇ ಇಲಾಖೆ, ತನ್ನದೇ ಸಂಬಳ, ತನ್ನದೇ ನೇಮಕಾತಿ. ಹಾಗಂತ ಇವು ಸಣ್ಣವಲ್ಲ. ಫೇರ್‌ಫ್ಯಾಕ್ಸ್ ಕೌಂಟಿಯ ರಕ್ಷಣಾ ತಂಡ 2015ರ ಭೂಕಂಪದಲ್ಲಿ ನೇಪಾಳಕ್ಕೆ ಹೋಗಿತ್ತು, 2023ರಲ್ಲಿ ಟರ್ಕಿಗೆ ಹೋಗಿತ್ತು. ಒಂದು ಜಿಲ್ಲೆಯ ಜನ ಹೋಗಿ ಇನ್ನೊಂದು ದೇಶದ ಅವಶೇಷದಡಿ ಮನುಷ್ಯರನ್ನು ಹುಡುಕುತ್ತಾರೆ. ಅದನ್ನು ಓದಿದ ದಿನವೇ ನಾನು ಅರ್ಜಿ ಹಾಕಬೇಕು ಅಂತ ತೀರ್ಮಾನ ಮಾಡಿದ್ದು.

ಸರಿ, ಮೆಟ್ಟಿಲು ಮುಗಿಯಿತು. ಈಗ ಕಾರು.

ಪರೀಕ್ಷೆ ನಡೆಯುವ ಕಡೆ ಕ್ಯಾಮೆರಾ ಬಿಡಲಿಲ್ಲ. ಅದಕ್ಕೇ ಪಾರ್ಕಿಂಗ್ ಜಾಗ ಮಾತ್ರ ಕಾಣುತ್ತಿದೆ. ಒಳಗೆ ಏನಾಯಿತು ಅಂತ ನಾನೇ ಹೇಳಬೇಕು. ನಾನು ಮೊದಲ ಸಲ ಫೇಲ್ ಆದೆ.

ಮೆಟ್ಟಿಲಲ್ಲಿ ಅಲ್ಲ. ಎಲ್ಲರೂ ಹೆದರಿಸುವುದು ಅದನ್ನೇ. ನಿಮಿಷಕ್ಕೆ 60 ಹೆಜ್ಜೆಯಂತೆ ಮೂರು ನಿಮಿಷ. ಕಂಬಿ ಹಿಡಿದು ಭಾರ ಬಿಟ್ಟರೆ ಎರಡು ಸಲ ಎಚ್ಚರಿಕೆ, ಮೂರನೇ ಸಲಕ್ಕೆ ಮನೆಗೆ. ನನಗೆ ಒಂದು ಎಚ್ಚರಿಕೆಯೂ ಬರಲಿಲ್ಲ. ಆಮೇಲೆ ನೀರಿನ ಪೈಪ್ ಎಳೆದೆ. ಗರಗಸಗಳನ್ನು ಹೊತ್ತು ಹೋಗಿ ತಂದಿಟ್ಟೆ. ನಾಲ್ಕನೆಯದು ಏಣಿ. 24 ಅಡಿ ಉದ್ದದ ಏಣಿಯನ್ನು ನೆಲದಿಂದ ಒಂದೊಂದೇ ಮೆಟ್ಟು ಹಿಡಿಯುತ್ತಾ ಎತ್ತಿ ನಿಲ್ಲಿಸಬೇಕು. ಪಕ್ಕದಲ್ಲೇ ಇನ್ನೊಂದು ಏಣಿ ಇರುತ್ತದೆ, ಎರಡು ಭಾಗ ಒಂದರ ಮೇಲೊಂದು ಜಾರುವಂಥದ್ದು. ಅದರ ಮೇಲ್ಭಾಗವನ್ನು ಹಗ್ಗದಿಂದ ಮೇಲಕ್ಕೆ ಎಳೆಯಬೇಕು, ತುದಿ ಮುಟ್ಟಿದ ಮೇಲೆ ಕೆಳಗೆ ಇಳಿಸಬೇಕು. ಒಂದು ಕೈ ಹಿಡಿದ ಮೇಲೆ ಇನ್ನೊಂದು ಕೈ. ಅಷ್ಟೇ.

ಈ ಕೆಲಸ ನನಗೆ ಚಿಕ್ಕಂದಿನಿಂದ ಗೊತ್ತು! ಸಾಗರದ ಹತ್ತಿರ ಅಜ್ಜಿ ಮನೆಯಲ್ಲಿ ಬಾವಿ, ಬಾವಿಗೆ ರಾಟೆ. ರಜೆಗೆ ಹೋದಾಗಲೆಲ್ಲ ನೀರು ಸೇದುವುದು ನನ್ನ ಪಾಲಿನ ಕೆಲಸ. ಹಗ್ಗ ಕೈಗೆ ಬಂದ ತಕ್ಷಣ ಮೈಗೆಲ್ಲ ಧೈರ್ಯ ಬಂತು. ಸರಸರ ಎಳೆದೆ. ತುದಿ ಮುಟ್ಟಿತು. ಪಕ್ಕದಲ್ಲಿ ನಿಂತ ಪರೀಕ್ಷಕರು ತಲೆ ಆಡಿಸಿದರು.

ಇಳಿಸುವಾಗ ಹಗ್ಗ ಬಿಟ್ಟುಬಿಟ್ಟೆ.

ಪೂರ್ತಿ ಅಲ್ಲ. ಕೈ ಸಡಿಲ ಮಾಡಿದೆ. ಬಾವಿಗೆ ಕೊಡಪಾನ ಇಳಿಸುವಾಗ ನಾವು ಮಾಡುವುದೇ ಹಾಗೆ ಅಲ್ವಾ? ಹಗ್ಗ ಸಡಿಲ ಬಿಟ್ಟರೆ ರಾಟೆ ಗಡಗಡ ತಿರುಗುತ್ತದೆ, ಕೊಡಪಾನ ಹೋಗಿ ನೀರಿಗೆ ದುಡುಂ ಎಂದು ಬೀಳುತ್ತದೆ. ಆ ಸದ್ದು ಕೇಳುವುದೇ ಮಕ್ಕಳಿಗೆ ಖುಷಿ. ನನ್ನ ಕೈಗೆ ಎಳೆಯುವ ಅಭ್ಯಾಸ ಎಷ್ಟು ಇತ್ತೋ, ಬಿಡುವ ಅಭ್ಯಾಸವೂ ಅಷ್ಟೇ ಇತ್ತು. ಏಣಿಯ ಮೇಲ್ಭಾಗ ಸರ್ರನೆ ಒಂದು ಅಡಿ ಜಾರಿತು. ಸೀಟಿ ಊದಿದರು. ಇದಕ್ಕೆ ಎಚ್ಚರಿಕೆ ಇಲ್ಲ. ಹಗ್ಗ ಜಾರಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು. ಉಳಿದ ನಾಲ್ಕು ಕೆಲಸ ಮುಟ್ಟುವ ಹಾಗೂ ಇಲ್ಲ.

ಈ ನಿಯಮ ಅನ್ಯಾಯ ಅಂತ ಆ ದಿನ ತಮ್ಮನ ಹತ್ತಿರ ಕೂಗಾಡಿದೆ. ಒಂದು ಅಡಿ ತಾನೇ? ರಾತ್ರಿ ಮಲಗಿದಾಗ ಬೇರೆ ಥರ ಅನ್ನಿಸಿತು. ನಿಜವಾದ ಬೆಂಕಿಯಲ್ಲಿ ಆ ಏಣಿಯ ಬುಡದಲ್ಲಿ ನನ್ನ ಜೊತೆಯವರೇ ನಿಂತಿರುತ್ತಾರೆ. ಒಂದು ಅಡಿ ಅಂದರೆ ಯಾರದೋ ಬೆರಳು. ನಿಯಮ ಸರಿಯಾಗಿಯೇ ಇದೆ.

ಹಗ್ಗಕ್ಕೆ ಅಂತ 38 ಡಾಲರ್ ಕೊಟ್ಟು ಹೊಸ ಗ್ಲೌಸ್ ತಂದೆ. ಈಗ ಪರದೆಯಲ್ಲಿ ಇರುವುದು ಅದೇ. ಚೆನ್ನಾಗಿದೆ, ಆದರೆ ತಪ್ಪು ಗ್ಲೌಸಿನದಾಗಿರಲಿಲ್ಲ. ಪರೀಕ್ಷೆಗೆ ಮುಂಚಿನ ಎಂಟು ವಾರದಲ್ಲಿ ಅಲ್ಲಿಯ ಸಾಮಾನುಗಳನ್ನು ಮುಟ್ಟಿ ನೋಡಲು ಎರಡು ದಿನ, ಸಮಯ ಇಟ್ಟು ಅಭ್ಯಾಸ ಮಾಡಲು ಇನ್ನೆರಡು ಸಲ ಅವಕಾಶ ಕೊಡುತ್ತಾರೆ. ಬೇಡ ಅಂದರೆ ಸಹಿ ಹಾಕಿ ಬಿಡಬಹುದು. ನಾನು ಒಂದಕ್ಕೆ ಮಾತ್ರ ಹೋಗಿ, ಉಳಿದದ್ದಕ್ಕೆ ಸಹಿ ಹಾಕಿದ್ದೆ. ಆಫೀಸಿಗೆ ರಜೆ ಹಾಕುವುದು ಕಷ್ಟ ಅಂತ. ದಯವಿಟ್ಟು ನೀವು ಹಾಗೆ ಮಾಡಬೇಡಿ. ನಾಲ್ಕಕ್ಕೂ ಹೋಗಿ.

ಇದು ನಮ್ಮ ಬಾಲ್ಕನಿ, ಎರಡನೇ ಮಹಡಿ. ಹಗ್ಗಕ್ಕೆ ಕಟ್ಟಿರುವುದು ತುಂಬಿದ ನೀರಿನ ಬಕೆಟ್. ಮೇಲಕ್ಕೆ ಎಳೆಯುವುದು, ಒಂದು ತೊಟ್ಟೂ ಚೆಲ್ಲದ ಹಾಗೆ ಇಳಿಸುವುದು. ದಿನಕ್ಕೆ 30 ಸಲ. ಇಳಿಸುವುದಕ್ಕೆ ಎಳೆಯುವುದಕ್ಕಿಂತ ಜಾಸ್ತಿ ತಾಳ್ಮೆ ಬೇಕು. ಈ ಪರೀಕ್ಷೆಗೆ ಜಿಮ್ ದಂಡ ಅಂತ ಹಿಂದೆ ಹೇಳಿದ್ದೆ. ಆ ಮಾತು ವಾಪಸ್. ಏಳನೇ ಕೆಲಸದಲ್ಲಿ 165 ಪೌಂಡಿನ ಡಮ್ಮಿಯನ್ನು ಎಳೆಯಬೇಕು, 75 ಕೆಜಿ. ಅಲ್ಲಿ ತೊಡೆಯಲ್ಲಿ ಬಲ ಇಲ್ಲದಿದ್ದರೆ ಆಗುವುದಿಲ್ಲ.

ಕಾರಿನ ಶಾಟ್ ಮತ್ತೆ ಬಂತು. ಇದು ಆರ್ಲಿಂಗ್ಟನ್. ಇಲ್ಲಿ ಹಾದು ಹೋಗುವಾಗಲೆಲ್ಲ ಜುಡಿತ್ ಲಿವರ್ಸ್ ನೆನಪಾಗುತ್ತಾರೆ. 1974ರಲ್ಲಿ ಈ ಕೌಂಟಿ ಅವರನ್ನು ಕೆಲಸಕ್ಕೆ ತೆಗೆದುಕೊಂಡಿತು. ಅಮೆರಿಕದಲ್ಲಿ ಸಂಬಳಕ್ಕೆ ಪೂರ್ಣಾವಧಿ ಫೈರ್‌ಫೈಟರ್ ಆದ ಮೊದಲ ಹೆಂಗಸು ಅವರೇ ಎಂದು ಹೇಳುತ್ತಾರೆ. ಒಬ್ಬಳೇ ಆಗಿ ಆ ಸ್ಟೇಷನ್ ಬಾಗಿಲು ದಾಟಿದಾಗ ಅವರಿಗೆ ಹೇಗನ್ನಿಸಿರಬಹುದು? ನಾನು ಪರೀಕ್ಷೆಗೆ ಹೋದ ದಿನ ಸಾಲಿನಲ್ಲಿ ನಾವು ನಾಲ್ಕು ಜನ ಹೆಂಗಸರಿದ್ದೆವು. ಒಬ್ಬಳು ನನ್ನ ಬಳೆ ನೋಡಿ, ತೆಗೆದಿಡು, ಒಳಗೆ ಬಿಡುವುದಿಲ್ಲ ಅಂತ ಹೇಳಿ ಕಾಪಾಡಿದಳು. ಅಯ್ಯೋ, ಸಿಗ್ನಲ್ ಬಿತ್ತು, ಮುಂದೆ ಹೋಗೋಣ.

ಎರಡನೇ ಸಲ ಪಾಸ್ ಆದೆ. 9 ನಿಮಿಷ 41 ಸೆಕೆಂಡ್. ಏಣಿ ಇಳಿಸುವುದಕ್ಕೇ ಬೇಕಾದಷ್ಟು ಹೊತ್ತು ತೆಗೆದುಕೊಂಡೆ.

ಅದಾದ ಮೇಲೆ ಬಂದದ್ದು ಹಿನ್ನೆಲೆ ತಪಾಸಣೆಯ ಫಾರಂ. ಇಲ್ಲಿಯವರೆಗೆ ಬಾಳಿದ ಎಲ್ಲ ಮನೆಗಳ ವಿಳಾಸ ಬರೆಯಬೇಕು. ಊರಿನ ಮನೆಗೆ ನಂಬರೇ ಇಲ್ಲ, ಅಪ್ಪನ ಹೆಸರು ಹೇಳಿದರೆ ಪೋಸ್ಟ್ ಬರುತ್ತದೆ. ತನಿಖಾಧಿಕಾರಿಗೆ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹಾಗೇ ಬರೆಯಿರಿ ಅಂದರು. ಸುಮ್ನೆ ಎರಡು ವಾರ ಹೆದರಿದ್ದೆ. ಇದರಲ್ಲಿ ಯಾವುದನ್ನೂ ಮುಚ್ಚಿಡಬೇಡಿ, ಹಳೆಯ ಟ್ರಾಫಿಕ್ ದಂಡವನ್ನು ಕೂಡ.

ಅಮ್ಮನಿಗೆ ಇನ್ನೂ ಸಮಾಧಾನ ಇಲ್ಲ. ಫೋನಿನಲ್ಲಿ ಕೇಳಿದರು, "ಎಂತದೇ ಅದು, ಬೆಂಕಿ ಕೆಲಸವೋ ಆಸ್ಪತ್ರೆ ಕೆಲಸವೋ?" ಎರಡೂ ಅಮ್ಮ ಅಂದೆ. ಬರುವ ಕರೆಗಳಲ್ಲಿ ಹೆಚ್ಚಿನವು ಎದೆನೋವು, ಬಿದ್ದ ಅಜ್ಜಂದಿರು, ಉಸಿರು ಕಟ್ಟಿದವರು. ಅದಕ್ಕೇ ಅಕಾಡೆಮಿಯಲ್ಲಿ ಬೆಂಕಿಯ ಜೊತೆಗೆ ಆಂಬುಲೆನ್ಸ್ ತರಬೇತಿಯೂ ಕೊಡುತ್ತಾರೆ. ಕಲಿಯುವ ತಿಂಗಳುಗಳಿಗೂ ಸಂಬಳ ಇದೆ. "ಹಾಗಾದ್ರೆ ಆಸ್ಪತ್ರೆ ಕೆಲಸ ಅಂತ ಹೇಳ್ತೀನಿ" ಅಂದರು. ಹೇಳಲಿ.

ಮೊನ್ನೆ ಪತ್ರ ಬಂತು. ಷರತ್ತಿನ ಮೇಲೆ ಕೆಲಸ ಕೊಟ್ಟಿದ್ದಾರೆ. ವೈದ್ಯಕೀಯ ತಪಾಸಣೆ ಮಾಡುವುದು ಈ ಪತ್ರ ಕೊಟ್ಟ ಮೇಲೇ, ಇಲ್ಲಿಯ ಕಾನೂನು ಹಾಗಿದೆ. ಗುರುವಾರ ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಬರಬೇಕಂತೆ.

ಈಗ ಕಾಣುತ್ತಿರುವುದು ನಮ್ಮ ಅಡುಗೆಮನೆ. ಬ್ಯಾಗಿನ ಅಕ್ಕಿಯನ್ನು ತಮ್ಮ ಡಬ್ಬಿಗೆ ಸುರಿಯುತ್ತಿದ್ದಾನೆ. ಒಂದು ಚೀಲ ಸಾಕು, ಇನ್ನೊಂದನ್ನು ಬಿಡು ಅಂದೆ. ಅಕಾಡೆಮಿ ಶುರುವಾಗುವವರೆಗೆ ಮೆಟ್ಟಿಲು ಹತ್ತಬೇಕಲ್ಲ.