ಥರ್ಡ್ ಬೇಸ್‌ಗೆ ಬಂದ ಹೊಸ ಹುಡುಗ: ಬಾಸ್ಟನ್, ಜುಲೈ 2017

ಎಲ್ಲರಿಗೂ ನಮಸ್ಕಾರ.

2017ರ ಜುಲೈ 14ರಂದು ಅಮೆರಿಕದ ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡ, ಥರ್ಡ್ ಬೇಸ್ (ಓಟಗಾರ ಮುಟ್ಟಬೇಕಾದ ಬೇಸ್‌ಗಳಲ್ಲಿ ಮೂರನೆಯದು) ಕಾಯುತ್ತಿದ್ದ ಪಾಬ್ಲೊ ಸ್ಯಾಂಡೊವಾಲ್‌ನ ಹೆಸರನ್ನು ತನ್ನ ಪಟ್ಟಿಯಿಂದ ತೆಗೆಯಿತು. ಹನ್ನೊಂದು ದಿನ ಬಿಟ್ಟು, ಜುಲೈ 25ರಂದು, ಸಿಯಾಟಲ್‌ನ ಮೈದಾನದಲ್ಲಿ ರಫೇಲ್ ಡೆವರ್ಸ್ ಎಂಬ ಇಪ್ಪತ್ತು ವರ್ಷದ ಹುಡುಗ ಬಾಸ್ಟನ್ ಪರ ಮೊದಲ ಪಂದ್ಯ ಆಡಿದ. ಬಾಸ್ಟನ್‌ನ ಜನ ಹಬ್ಬ ಬಂದಂತೆ ಹಿಗ್ಗಿದರು. ಆ ಹಿಗ್ಗಿನಲ್ಲಿ ಎರಡು ಭಾವನೆ ಬೆರೆತಿದ್ದವು. ಹಳಬ ಹೋದನಲ್ಲ ಎಂಬ ನಿರಾಳ ಒಂದು, ಹೊಸಬ ಬಂದನಲ್ಲ ಎಂಬ ಆಸೆ ಇನ್ನೊಂದು. ಬೇಸ್‌ಬಾಲ್ ನೋಡುವವರು ಈ ಎರಡನ್ನೂ ಬೇರೆ ಬೇರೆ ಲೆಕ್ಕದಲ್ಲಿ ಬರೆದಿಟ್ಟುಕೊಳ್ಳಬೇಕು ಎಂದು ನಾನು ನಂಬಿದ್ದೇನೆ. ಒಂದೇ ಲೆಕ್ಕಕ್ಕೆ ಸೇರಿಸಿದರೆ ಹಳಬನಿಗೂ ಅನ್ಯಾಯ, ಹುಡುಗನಿಗೂ ಅನ್ಯಾಯ. ಏಕೆಂದು ಆ ಬೇಸಿಗೆಯ ವಿವರಗಳಿಂದಲೇ ಹೇಳುತ್ತೇನೆ.

ಮೊದಲು ಹಳಬನ ವಿಚಾರ. ಸ್ಯಾಂಡೊವಾಲ್ ಸಾಮಾನ್ಯ ಆಟಗಾರನಲ್ಲ. ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ ತಂಡದಲ್ಲಿದ್ದು 2010, 2012, 2014ರಲ್ಲಿ ಮೂರು ಸಲ ವಿಶ್ವ ಸರಣಿ, ಅಂದರೆ ಅಲ್ಲಿನ ಅತ್ಯುನ್ನತ ಲೀಗ್ ಆದ ಮೇಜರ್ ಲೀಗ್‌ನ ಅಂತಿಮ ಸರಣಿ, ಗೆದ್ದವನು. 2012ರ ಸರಣಿಯ ಮೊದಲ ಪಂದ್ಯದಲ್ಲೇ ಮೂರು ಹೋಮ್ ರನ್ (ಬೇಲಿ ದಾಟಿಸುವ ಹೊಡೆತ) ಹೊಡೆದು, ಆ ಸರಣಿಯ ಶ್ರೇಷ್ಠ ಆಟಗಾರ ಎನಿಸಿಕೊಂಡವನು. 2014ರ ಸರಣಿಯ ಕೊನೆಯ ಚೆಂಡು ಗಾಳಿಯಲ್ಲಿ ತೇಲಿ ಬಂದು ಬಿದ್ದದ್ದು ಅವನ ಗ್ಲೌಸಿನೊಳಕ್ಕೇ. ಅದೇ ವರ್ಷ ನವೆಂಬರ್‌ನಲ್ಲಿ ಬಾಸ್ಟನ್ ಅವನಿಗೆ 5 ವರ್ಷಕ್ಕೆ 9.5 ಕೋಟಿ ಡಾಲರ್ ಕೊಟ್ಟು ಕರೆತಂದಿತು.

ಆಮೇಲೆ ಕೆಟ್ಟಿತು. 2015ರಲ್ಲಿ 126 ಪಂದ್ಯ, ಬ್ಯಾಟಿಂಗ್ ಸರಾಸರಿ 0.245, ಹೋಮ್ ರನ್ 10. ಕ್ರಿಕೆಟ್ ನೋಡಿ ಬೆಳೆದವರಿಗೆ ಒಂದು ಮಾತು: ಇಲ್ಲಿ ಸರಾಸರಿ ಎಂದರೆ ರನ್ನುಗಳ ಲೆಕ್ಕವಲ್ಲ, ಸಾವಿರ ಅವಕಾಶದಲ್ಲಿ ಎಷ್ಟು ಸಲ ಹಿಟ್ ಬಂತು, ಅಂದರೆ ಚೆಂಡು ಹೊಡೆದು ಔಟಾಗದೆ ಬೇಸ್ ಮುಟ್ಟಿದ ಎಂಬ ಪ್ರಮಾಣ. 0.300 ದಾಟಿದರೆ ಬಹಳ ಚೆನ್ನಾಗಿ ಆಡಿದ ಹಾಗೆ. ಸ್ಯಾಂಡೊವಾಲ್ ಎರಡೂ ಕೈಯಲ್ಲಿ ಬ್ಯಾಟ್ ಮಾಡುತ್ತಿದ್ದವನು. ಆ ವರ್ಷ ಬಲಗೈ ಆಟ ಎಷ್ಟು ಕುಸಿಯಿತೆಂದರೆ, ಸೀಸನ್ ನಡುವೆಯೇ ಅದನ್ನು ಕೈಬಿಟ್ಟ. ಪಂದ್ಯ ನಡೆಯುತ್ತಿದ್ದಾಗ ಇನ್‌ಸ್ಟಾಗ್ರಾಂ ಬಳಸಿದ್ದಕ್ಕೆ ತಂಡ ಅವನನ್ನು ಹೊರಗೆ ಕೂರಿಸಿತು. 2016ರಲ್ಲಿ ಥರ್ಡ್ ಬೇಸ್ ಸ್ಥಾನ ಟ್ರಾವಿಸ್ ಶಾ ಪಾಲಾಯಿತು. ಆ ಏಪ್ರಿಲ್‌ನಲ್ಲಿ ಬ್ಯಾಟ್ ಬೀಸುವಾಗ ಸ್ಯಾಂಡೊವಾಲ್‌ನ ಬೆಲ್ಟ್ ಹರಿದ ದೃಶ್ಯವನ್ನು ಟಿವಿಯವರು ಮತ್ತೆ ಮತ್ತೆ ತೋರಿಸಿದರು, ಜನ ಮತ್ತೆ ಮತ್ತೆ ನಕ್ಕರು. ಆದರೆ ಎಡ ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ ಅವನ ಇಡೀ ವರ್ಷ ಹೋದದ್ದು ಅಷ್ಟು ಜನರ ನೆನಪಿನಲ್ಲಿ ಉಳಿಯಲಿಲ್ಲ. ಆ ವರ್ಷ ಆಡಿದ್ದು 3 ಪಂದ್ಯ, ಒಂದೂ ಹಿಟ್ ಇಲ್ಲ. 2017ರಲ್ಲಿ ಮೈ ಇಳಿಸಿಕೊಂಡು ಬಂದ. 32 ಪಂದ್ಯ, ಸರಾಸರಿ 0.212.

ಕೂಡಿಸಿ ನೋಡಿ. 126, 3, 32. ಒಟ್ಟು 161 ಪಂದ್ಯ. ಬೇಸ್‌ಬಾಲ್‌ನಲ್ಲಿ ಒಂದು ಸೀಸನ್ ಎಂದರೆ 162 ಪಂದ್ಯ. ಮೂರು ವರ್ಷದಲ್ಲಿ ಬಾಸ್ಟನ್‌ಗೆ ಸಿಕ್ಕಿದ್ದು ಒಂದು ಸೀಸನ್‌ಗೆ ಒಂದು ಪಂದ್ಯ ಕಮ್ಮಿ. ಜನರ ಸಿಟ್ಟಿನ ಬೇರು ಇದೇ ಎಂದು ನನ್ನ ಅಭಿಪ್ರಾಯ. ಕೆಟ್ಟದಾಗಿ ಆಡಿದ್ದನ್ನು ಜನ ಕ್ಷಮಿಸಬಹುದಿತ್ತು, ಆಡಲೇ ಇಲ್ಲ ಎಂಬುದು ಸಹಿಸಲಾಗಲಿಲ್ಲ. ಜೊತೆಗೆ ಇನ್ನೊಂದು ನೋವು ಸೇರಿಕೊಂಡಿತು. ಅದೇ ಟ್ರಾವಿಸ್ ಶಾನನ್ನು ತಂಡ 2016ರ ಡಿಸೆಂಬರ್‌ನಲ್ಲಿ ಮಿಲ್ವಾಕಿಗೆ ಕೊಟ್ಟುಬಿಟ್ಟಿತ್ತು. ಹೀಗಾಗಿ 2017ರ ಬೇಸಿಗೆಯಲ್ಲಿ ಥರ್ಡ್ ಬೇಸ್‌ಗೆ ಒಬ್ಬರಾದ ಮೇಲೆ ಒಬ್ಬರಂತೆ ಬದಲಿಗಳನ್ನು ನಿಲ್ಲಿಸುತ್ತಾ ಹೋಗಬೇಕಾಯಿತು.

ಈಗ ನಾನು ತುಸು ನಿಧಾನವಾಗಿ ಹೇಳಬೇಕಾದ ಭಾಗ. ದೊಡ್ಡ ಕರಾರಿನ ಆಟಗಾರನನ್ನು ತೆಗೆಯುವುದು ಹೇಗೆ?

ಪ್ರತಿ ತಂಡಕ್ಕೂ ಎರಡು ಪಟ್ಟಿ. ಹೊರಗಿನ ಪಟ್ಟಿಯಲ್ಲಿ 40 ಹೆಸರು. ಒಳಗಿನದರಲ್ಲಿ, ಅಂದರೆ ದಿನದ ಪಂದ್ಯಕ್ಕೆ ಸಿಗುವವರಲ್ಲಿ, ಆಗ 25 ಹೆಸರು. 2020ರಿಂದ ಅದು 26 ಆಗಿದೆ. ಗಾಯಾಳುಗಳ ಪಟ್ಟಿಯಲ್ಲಿರುವವನು ಈ 25ರಲ್ಲಿ ಜಾಗ ತಿನ್ನುವುದಿಲ್ಲ. ಸ್ಯಾಂಡೊವಾಲ್ ಕಿವಿಯ ಒಳಭಾಗದ ಸೋಂಕಿನಿಂದಾಗಿ ಆ ಪಟ್ಟಿಯಲ್ಲಿದ್ದ. ಚೇತರಿಕೆಗೆಂದು ಕೆಳಹಂತದ ಮೈನರ್ ಲೀಗ್‌ನ ಪಾಟಕೆಟ್ ತಂಡದಲ್ಲಿ ಆಡುತ್ತಿದ್ದ. ಆದರೆ ಬ್ಯಾಟ್ಸ್‌ಮನ್‌ಗೆ ಇಂಥ ಚೇತರಿಕೆಯ ಆಟ ಹೆಚ್ಚೆಂದರೆ 20 ದಿನ. ಚೆಂಡೆಸೆಯುವ ಪಿಚರ್ ಆದರೆ 30 ದಿನ. ಆ ಗಡುವು ಮುಗಿದರೆ ತಂಡ ತೀರ್ಮಾನ ಮಾಡಲೇಬೇಕು: ಒಳಗೆ ಕರೆದುಕೊಳ್ಳುವುದು, ಇಲ್ಲವೇ ತೆಗೆಯುವುದು. ಇಂಥ ಸುದ್ದಿಗಳು ದಿಢೀರನೆ ಬಂದಂತೆ ಕಾಣುವುದು ಹೊರಗಿನವರಿಗೆ ಮಾತ್ರ. ದಿನ ಎಣಿಸುತ್ತಿದ್ದವರಿಗೆ ಅದು ಬರುವ ವಾರ ಮೊದಲೇ ಗೊತ್ತಿರುತ್ತದೆ.

ತೆಗೆಯುವ ದಾರಿಯ ಹೆಸರು ಡಿಎಫ್‌ಎ (ಡೆಸಿಗ್ನೇಟೆಡ್ ಫಾರ್ ಅಸೈನ್‌ಮೆಂಟ್). ಘೋಷಿಸಿದ ತಕ್ಷಣ ಆಟಗಾರ 40ರ ಪಟ್ಟಿಯಿಂದ ಹೊರಗೆ. ಅಲ್ಲಿಂದ ತಂಡಕ್ಕೆ 7 ದಿನ ಸಮಯ. ಅಷ್ಟರಲ್ಲಿ ಬೇರೆ ತಂಡಕ್ಕೆ ವಿನಿಮಯ ಮಾಡಬೇಕು, ಅಥವಾ ವೇವರ್ಸ್‌ಗೆ ಹಾಕಬೇಕು, ಅಥವಾ ಬಿಡುಗಡೆ ಮಾಡಬೇಕು. ವೇವರ್ಸ್ ಎಂದರೆ ಉಳಿದ ತಂಡಗಳಿಗೆ 'ಬೇಕಾದರೆ ತೆಗೆದುಕೊಳ್ಳಿ' ಎನ್ನುವುದು. ತೆಗೆದುಕೊಂಡವರು ಕರಾರನ್ನೂ ಪೂರ್ತಿ ಹೊರಬೇಕು, ಆದ್ದರಿಂದ ಸ್ಯಾಂಡೊವಾಲ್‌ನಂಥ ಕರಾರನ್ನು ಯಾರೂ ಮುಟ್ಟುವುದಿಲ್ಲ. ಮೈನರ್ ಲೀಗ್‌ಗೆ ಕಳಿಸೋಣವೆಂದರೆ, 5 ವರ್ಷ ಸೇವೆ ಮುಗಿಸಿದ ಆಟಗಾರ ಒಲ್ಲೆ ಎನ್ನಬಹುದು, ಸಂಬಳ ಒಂದು ಡಾಲರ್ ಕೂಡ ಕಮ್ಮಿಯಾಗುವುದಿಲ್ಲ. ಉಳಿಯುವುದು ಬಿಡುಗಡೆಯೊಂದೇ. ಜುಲೈ 19ರಂದು ಅದೂ ಆಯಿತು.

ಹಣ ಎಲ್ಲಿಗೆ ಹೋಯಿತು ಎಂದು ಕೇಳುತ್ತೀರಿ. ಎಲ್ಲಿಗೂ ಹೋಗಲಿಲ್ಲ, ಬಾಸ್ಟನ್ ಕೊಡುತ್ತಲೇ ಇತ್ತು. 2018ಕ್ಕೆ 1.8 ಕೋಟಿ, 2019ಕ್ಕೆ 1.8 ಕೋಟಿ, ಕರಾರನ್ನು 2020ಕ್ಕೂ ಮುಂದುವರಿಸುವ ಆಯ್ಕೆಯನ್ನು ಬಿಟ್ಟುಬಿಡಲು 50 ಲಕ್ಷ. ಇದರ ಮೇಲೆ 2017ರ ಉಳಿದ ಸಂಬಳ. ಸ್ಯಾಂಡೊವಾಲ್ ಮೂರೇ ದಿನದಲ್ಲಿ ಹಳೆಯ ಜೈಂಟ್ಸ್ ತಂಡಕ್ಕೇ ಮರಳಿದ. ಅವರು ಕೊಡಬೇಕಿದ್ದದ್ದು ಲೀಗ್‌ನ ಕನಿಷ್ಠ ವೇತನ ಮಾತ್ರ. 2017ರಲ್ಲಿ ಅದು ವರ್ಷಕ್ಕೆ 5,35,000 ಡಾಲರ್. ಅಭಿಮಾನಿಗಳು ಇಲ್ಲೇ ಎಡವುತ್ತಾರೆ. 'ಇಷ್ಟು ದುಡ್ಡು ಕೊಟ್ಟ ಮೇಲೆ ಆಡಿಸಲೇಬೇಕು' ಎನ್ನುತ್ತಾರೆ. ಆಡಿಸಿದರೂ, ಆಡಿಸದಿದ್ದರೂ ಆ ದುಡ್ಡು ಹೋದದ್ದೇ. ಉಳಿದ ಪ್ರಶ್ನೆ ಒಂದೇ: ನಾಳೆಯ ಪಂದ್ಯ ಗೆಲ್ಲಲು ಆ ಜಾಗದಲ್ಲಿ ಯಾರು ಬೇಕು? ಈ ಪ್ರಶ್ನೆಯನ್ನು ಧೈರ್ಯವಾಗಿ ಕೇಳಿಕೊಂಡದ್ದಕ್ಕೆ ಆಗಿನ ಆಡಳಿತ ಮುಖ್ಯಸ್ಥ ಡೇವ್ ಡೊಂಬ್ರಾವ್‌ಸ್ಕಿಯನ್ನು ಮೆಚ್ಚಬೇಕು.

ಹುಡುಗನನ್ನು ಮೇಲಕ್ಕೆ ತರುವುದಕ್ಕೂ ದಿನಗಳ ಲೆಕ್ಕವಿದೆ. ಮೇಜರ್ ಲೀಗ್ ಪಟ್ಟಿಯಲ್ಲಿ 172 ದಿನ ಇದ್ದರೆ ಒಂದು ವರ್ಷದ ಸೇವೆ. ಸಾಮಾನ್ಯವಾಗಿ ಮೂರು ವರ್ಷವಾದರೆ ಸಂಬಳದ ಪಂಚಾಯ್ತಿಗೆ (ಸಂಬಳವನ್ನು ಮಧ್ಯಸ್ಥರು ತೀರ್ಮಾನಿಸುವುದು) ಹಕ್ಕು, ಆರು ವರ್ಷವಾದರೆ ಯಾವ ತಂಡಕ್ಕಾದರೂ ಹೋಗಲು ಸ್ವತಂತ್ರ. 2015ರಲ್ಲಿ ಶಿಕಾಗೊ ಕಬ್ಸ್ ತಂಡ ಕ್ರಿಸ್ ಬ್ರಯಾಂಟ್‌ನನ್ನು ಏಪ್ರಿಲ್ 17ರಂದು ಕರೆದದ್ದರಿಂದ ಅವನಿಗೆ ಸಿಕ್ಕಿದ್ದು 171 ದಿನ. ಒಂದು ದಿನ ಕಮ್ಮಿಯಾಗಿ ಅವನ ಸ್ವಾತಂತ್ರ್ಯ ಒಂದು ವರ್ಷ ಮುಂದಕ್ಕೆ ಹೋಯಿತು. ದೂರು ಕೊಟ್ಟ, 2020ರಲ್ಲಿ ಸೋತ. ಜುಲೈ ಕೊನೆಯಲ್ಲಿ ಬಂದ ಡೆವರ್ಸ್‌ಗೆ 172 ಮುಟ್ಟುವ ಪ್ರಶ್ನೆಯೇ ಇರಲಿಲ್ಲ. ಹೀಗಾಗಿ ಬಾಸ್ಟನ್‌ಗೆ 2017ರ ಎರಡು ತಿಂಗಳು ಸಿಕ್ಕವು, ಆಮೇಲೆ 2023ರವರೆಗೆ ಆರು ಪೂರ್ಣ ವರ್ಷವೂ ಸಿಕ್ಕವು. ಜನ ಕೊಂಡಾಡಿದ ಈ ನಿರ್ಧಾರ ತಂಡದ ಲೆಕ್ಕದ ಪುಸ್ತಕಕ್ಕೂ ಒಪ್ಪುವಂಥದ್ದೇ ಆಗಿತ್ತು.

ಹಾಗಂತ ಹುಡುಗ ಬರೀ ಅಗ್ಗದ ಸರಕಲ್ಲ. ಡೊಮಿನಿಕನ್ ಗಣರಾಜ್ಯದ ಸಾಂಚೆಸ್ ಊರಿನವನು. 2013ರಲ್ಲಿ, 16ನೇ ವಯಸ್ಸಿನಲ್ಲಿ, 15 ಲಕ್ಷ ಡಾಲರ್‌ಗೆ ಸಹಿ ಹಾಕಿದ್ದ. 2017ರಲ್ಲಿ ಮೈನರ್ ಲೀಗ್‌ನ ಡಬಲ್-ಎ ಮಟ್ಟದ ಪೋರ್ಟ್‌ಲ್ಯಾಂಡ್‌ನಲ್ಲಿ 77 ಪಂದ್ಯ ಆಡಿ 0.300 ಸರಾಸರಿ, 18 ಹೋಮ್ ರನ್. ಅಲ್ಲಿಂದ ಅದರ ಮೇಲಿನ ಟ್ರಿಪಲ್-ಎ ಮಟ್ಟದ ಪಾಟಕೆಟ್‌ನಲ್ಲಿ ಒಂಬತ್ತೇ ಪಂದ್ಯ, ಸರಾಸರಿ 0.400. ಸರಿಯಾಗಿ ನೋಡಿದರೆ ಇದು ಅವಸರ. ಟ್ರಿಪಲ್-ಎ ಮಟ್ಟದಲ್ಲಿ ಮೇಜರ್ ಲೀಗ್ ಕಂಡು ಬಂದ ಅನುಭವಿ ಪಿಚರ್‌ಗಳು ಇರುತ್ತಾರೆ. ಎಳೆಯ ಬ್ಯಾಟ್ಸ್‌ಮನ್‌ಗೆ ಅವರು ಸ್ಟ್ರೈಕ್ ವಲಯದ (ಬ್ಯಾಟ್ಸ್‌ಮನ್ ಹೊಡೆಯಬೇಕಾದ ಚೆಂಡು ಬರುವ ಜಾಗ) ಹೊರಗೆ ತಿರುಗುವ ಚೆಂಡನ್ನು ಎಸೆದೆಸೆದು ತಾಳ್ಮೆ ಕಲಿಸುತ್ತಾರೆ. ಒಂಬತ್ತು ಪಂದ್ಯದಲ್ಲಿ ಆ ಪಾಠ ಮುಗಿಯುವುದಿಲ್ಲ. ಬಾಕಿ ಪಾಠವನ್ನು ಅವನು ಮೇಲೆ, ಸಾವಿರಾರು ಜನರ ಮುಂದೆ ಕಲಿಯಬೇಕಾಯಿತು. ಅದೇ ವಾರ ತಂಡ ಜೈಂಟ್ಸ್‌ನಿಂದ ಎಡ್ವಾರ್ಡೊ ನೂನ್ಯೆಸ್‌ನನ್ನೂ ತಂದಿಟ್ಟುಕೊಂಡದ್ದು ಈ ಕಾರಣಕ್ಕೇ. ಹುಡುಗ ತಡವರಿಸಿದರೆ ಆಡಿಸಲು ಒಬ್ಬ ಇರಬೇಕಲ್ಲ. ಅಭಿಮಾನಿಗಳ ಹಿಗ್ಗಿನಲ್ಲಿ ಯಾರೂ ಅಷ್ಟಾಗಿ ಗಮನಿಸದ ಈ ಹೆಜ್ಜೆ ನನಗೆ ತುಂಬ ಜಾಣತನದ್ದು ಎನಿಸುತ್ತದೆ.

ಎರಡನೇ ಪಂದ್ಯದಲ್ಲಿ ಡೆವರ್ಸ್‌ನ ಮೊದಲ ಹಿಟ್ ಬಂತು, ಅದೇ ಹೋಮ್ ರನ್. ಆಗಸ್ಟ್ 13ರಂದು ನ್ಯೂಯಾರ್ಕ್‌ನ ಯಾಂಕೀ ಸ್ಟೇಡಿಯಂನಲ್ಲಿ ನಡೆದದ್ದನ್ನಂತೂ ಬಾಸ್ಟನ್ ಮರೆಯುವುದಿಲ್ಲ. ಒಂಬತ್ತನೇ ಇನ್ನಿಂಗ್ಸ್, ಬಾಸ್ಟನ್ ಒಂದು ರನ್ ಹಿಂದೆ, ಎದುರಿಗೆ ಯಾಂಕೀಸ್ ತಂಡದ ಪಿಚರ್ ಆರೋಲ್ಡಿಸ್ ಚಾಪ್‌ಮನ್. ಎಡಗೈ ಪಿಚರ್, ಎಡಗೈ ಬ್ಯಾಟ್ಸ್‌ಮನ್. ಚೆಂಡಿನ ವೇಗ ಗಂಟೆಗೆ 102.8 ಮೈಲಿ, ನಮ್ಮ ಲೆಕ್ಕದಲ್ಲಿ 165 ಕಿಲೋಮೀಟರ್. ಪಿಚರ್ ನಿಲ್ಲುವ ಜಾಗದಿಂದ ಹೋಮ್ ಪ್ಲೇಟ್‌ಗೆ 60 ಅಡಿ 6 ಇಂಚು. ಚೆಂಡು ಕೈಬಿಟ್ಟ ಮೇಲೆ ಸೆಕೆಂಡಿನ ಹತ್ತರಲ್ಲಿ ನಾಲ್ಕು ಭಾಗವೂ ಸಿಗುವುದಿಲ್ಲ. ಡೆವರ್ಸ್ ಅದನ್ನು ಎಡ ಮಧ್ಯದ ಬೇಲಿ ದಾಟಿಸಿದ. ಅದಕ್ಕೂ ಮೊದಲು ಚಾಪ್‌ಮನ್‌ಗೆ ಹೋಮ್ ರನ್ ಹೊಡೆದಿದ್ದ ಎಡಗೈ ಬ್ಯಾಟ್ಸ್‌ಮನ್ ಒಬ್ಬನೇ. ಬಾಸ್ಟನ್ ಹತ್ತನೇ ಇನ್ನಿಂಗ್ಸ್‌ನಲ್ಲಿ 3-2ರಿಂದ ಗೆದ್ದಿತು.

ಇಂಥ ಹೊಡೆತ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎಂದು ಬೇರ್ಪಡಿಸಬೇಕು. ಕೈಯ ವೇಗ ಇದೆ ಎಂದು ಹೇಳುತ್ತದೆ. ಅದು ಸುಳ್ಳಾಗುವ ಸಂಗತಿಯಲ್ಲ. ಆದರೆ ಸರಾಸರಿ? ಆ ವರ್ಷ 58 ಪಂದ್ಯದಲ್ಲಿ 222 ಅವಕಾಶ, 63 ಹಿಟ್, 0.284. ಅದರಲ್ಲಿ ಏಳು ಹಿಟ್ ಕಮ್ಮಿ ಮಾಡಿ ನೋಡಿ: 56. ಸರಾಸರಿ 0.252ಕ್ಕೆ ಇಳಿಯುತ್ತದೆ. ಹತ್ತು ವಾರದ ಹತ್ತಿರದ ಅವಧಿಯಲ್ಲಿ ಏಳು ಹಿಟ್ ಎಂದರೆ ವಾರಕ್ಕೆ ಒಂದೂ ಆಗಲಿಲ್ಲ. ಫೀಲ್ಡರ್ ಅರ್ಧ ಹೆಜ್ಜೆ ಆಚೆ ನಿಂತಿದ್ದರೆ ಕೈಗೆ ಬೀಳುತ್ತಿದ್ದ ಚೆಂಡುಗಳು ಅವು. ಆದ್ದರಿಂದ ಮೊದಲ ಎರಡು ತಿಂಗಳಲ್ಲಿ ಸರಾಸರಿಯ ಕಡೆ ನೋಡಬೇಡಿ. ಎಷ್ಟು ಸಲ ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್‌ಗೆ ಔಟ್) ಆಗುತ್ತಾನೆ, ವಲಯದ ಹೊರಗಿನ ಚೆಂಡಿಗೆ ಎಷ್ಟು ಸಲ ಬ್ಯಾಟ್ ಬೀಸುತ್ತಾನೆ, ಚೆಂಡು ಬ್ಯಾಟಿನಿಂದ ಎಷ್ಟು ಬಲವಾಗಿ ಹೊರಡುತ್ತದೆ ಎಂದು ನೋಡಿ. ಇವು ಬೇಗ ಸ್ಥಿರವಾಗುವ ಗುಣಗಳು.

ಫೀಲ್ಡಿಂಗ್ ಕಡೆಯ ತೊಂದರೆ ಮೊದಲ ದಿನಗಳಿಂದಲೇ ಕಾಣುತ್ತಿತ್ತು. ಆ 58 ಪಂದ್ಯದಲ್ಲೇ 14 ತಪ್ಪು. ಥರ್ಡ್ ಬೇಸ್‌ನಿಂದ ಫಸ್ಟ್ ಬೇಸ್‌ಗೆ ಎಸೆತದ ದೂರ 127 ಅಡಿ. ಬ್ಯಾಟ್ಸ್‌ಮನ್ ಫಸ್ಟ್ ಬೇಸ್ ಮುಟ್ಟಲು ನಾಲ್ಕು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು. ಗಟ್ಟಿಯಾಗಿ ಹೊಡೆದ ಚೆಂಡು ಥರ್ಡ್ ಬೇಸ್‌ಗೆ ಬಹಳ ಬೇಗ ಬರುತ್ತದೆ, ಅಂದರೆ ಎಸೆಯಲು ನಿಜಕ್ಕೂ ಸಮಯ ಇರುತ್ತದೆ. ಎಳೆಯ ಆಟಗಾರನಿಗೆ ಅದು ಗೊತ್ತಾಗುವುದಿಲ್ಲ. ಚೆಂಡು ವೇಗವಾಗಿ ಬಂತು, ಆದ್ದರಿಂದ ತಾನೂ ವೇಗವಾಗಿ ಎಸೆಯಬೇಕು ಎಂದುಕೊಳ್ಳುತ್ತಾನೆ. ಪಾದ ಗುರಿಯ ಕಡೆ ತಿರುಗುವ ಮೊದಲೇ ಕೈ ಬಿಡುತ್ತಾನೆ. ಭುಜ ತೆರೆದುಕೊಂಡು ಚೆಂಡು ಆಚೆ ಹಾಯುತ್ತದೆ, ಇಲ್ಲವೇ ನೆಲಕ್ಕೆ ಬಡಿಯುತ್ತದೆ. ಇದಕ್ಕೆ ಮದ್ದು ತೋಳಿನಲ್ಲಿಲ್ಲ, ಪಾದದಲ್ಲಿದೆ: ಹಿಡಿ, ಒಂದು ಹೆಜ್ಜೆ ಇಡು, ಎಡ ಭುಜವನ್ನು ಗುರಿಗೆ ತೋರಿಸು, ಆಮೇಲೆ ಎಸೆ.

2018ರಲ್ಲಿ ಆ ಅವಸರದ ಬಿಲ್ ಬಂತು. ಎದುರಾಳಿ ತಂಡಗಳು ಚಳಿಗಾಲವಿಡೀ ಅವನ ಆಟವನ್ನು ಓದಿಕೊಂಡು ಬಂದವು. 121 ಪಂದ್ಯ, ಸರಾಸರಿ 0.240, 24 ತಪ್ಪು. ಹಿಂದಿನ ವರ್ಷ ಕೊಂಡಾಡಿದ ಬಾಯಿಗಳೇ 'ಇವನನ್ನು ಥರ್ಡ್ ಬೇಸ್‌ನಿಂದ ತೆಗೆಯಿರಿ' ಎನ್ನತೊಡಗಿದವು. ನಿರಾಳದ ಲೆಕ್ಕ ಖಾಲಿಯಾದ ಗಳಿಗೆ ಅದು. ಸ್ಯಾಂಡೊವಾಲ್ ಅಲ್ಲ ಎಂಬ ಕಾರಣಕ್ಕೆ ಸಿಕ್ಕ ಪ್ರೀತಿ ಅಲ್ಲಿಗೆ ಮುಗಿದಿತ್ತು. ಆ ವರ್ಷ ತಂಡ 108 ಪಂದ್ಯ ಗೆದ್ದು ವಿಶ್ವ ಸರಣಿಯನ್ನೂ ಗೆದ್ದದ್ದರಿಂದ ಹುಡುಗನಿಗೆ ಸಮಯ ಸಿಕ್ಕಿತು. 2019ರಲ್ಲಿ ಸರಾಸರಿ 0.311, ಹೋಮ್ ರನ್ 32, ಡಬಲ್ (ಎರಡನೇ ಬೇಸ್ ತಲುಪಿಸುವ ಹಿಟ್) 54. ಅವನ ಆಟ ಏನೆಂದು ಗೊತ್ತಾಗಲು ಎರಡು ವರ್ಷ ಬೇಕಾಯಿತು. ನ್ಯೂಯಾರ್ಕ್‌ನಲ್ಲಿ 2023ರಲ್ಲಿ ಆಂಥೊನಿ ವೋಲ್ಪಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಜಾಗಕ್ಕೆ ಬಂದಾಗಲೂ ಇದೇ ಸಂಭ್ರಮ ಇತ್ತು. ಅಲ್ಲಿ ಹಿಂದಿನವನ ಮೇಲಿದ್ದ ಬೇಸರವೂ ಸ್ವಾಗತದಲ್ಲಿ ಸೇರಿತ್ತು. ಮೊದಲ ವರ್ಷ 0.209 ಸರಾಸರಿ, ಜೊತೆಗೆ ಫೀಲ್ಡಿಂಗ್‌ಗೆ ಚಿನ್ನದ ಗ್ಲೌಸ್ ಪ್ರಶಸ್ತಿ. 2025ರ ಹೊತ್ತಿಗೆ ತವರು ಜನರೇ ಅವನನ್ನು ಹೀಯಾಳಿಸುತ್ತಿದ್ದರು.

ಡೆವರ್ಸ್‌ನ ಕಥೆ ಇನ್ನೂ ಸ್ವಲ್ಪ ಇದೆ. 2023ರ ಜನವರಿಯಲ್ಲಿ ಬಾಸ್ಟನ್ ಅವನಿಗೆ 10 ವರ್ಷಕ್ಕೆ 31.35 ಕೋಟಿ ಡಾಲರ್‌ನ ಕರಾರು ಕೊಟ್ಟಿತು, 2024ರಿಂದ ಜಾರಿ. 2025ರ ಫೆಬ್ರುವರಿಯಲ್ಲಿ ಅಲೆಕ್ಸ್ ಬ್ರೆಗ್‌ಮನ್ ತಂಡಕ್ಕೆ ಬಂದ. ಥರ್ಡ್ ಬೇಸ್ ಅವನದಾಯಿತು, ಡೆವರ್ಸ್ ಬರೀ ಬ್ಯಾಟ್ ಮಾಡುವವನಾದ. ಮೇ ತಿಂಗಳಲ್ಲಿ ಫಸ್ಟ್ ಬೇಸ್‌ನ ಟ್ರಿಸ್ಟನ್ ಕಸಾಸ್ ಮೊಣಕಾಲಿಗೆ ಗಾಯ ಮಾಡಿಕೊಂಡಾಗ ಅಲ್ಲಿ ಆಡು ಎಂದರು, ಡೆವರ್ಸ್ ಒಪ್ಪಲಿಲ್ಲ. ಈಗ ಹಳಬ ಅವನೇ. ದೊಡ್ಡ ಕರಾರು ಅವನದೇ, ಜನರಲ್ಲಿ ಎರಡು ಪಕ್ಷವಾದದ್ದೂ ಅವನ ಹೆಸರಿನಲ್ಲೇ. ಜೂನ್ 15ರಂದು ತಂಡ ಅವನನ್ನು ವಿನಿಮಯ ಮಾಡಿತು. ಹೋದದ್ದು ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ, ಸ್ಯಾಂಡೊವಾಲ್ ಬಂದಿದ್ದ, ಮರಳಿ ಹೋಗಿದ್ದ ಅದೇ ತಂಡಕ್ಕೆ. ಅಲ್ಲಿ ಥರ್ಡ್ ಬೇಸ್‌ನಲ್ಲಿ ಮ್ಯಾಟ್ ಚಾಪ್‌ಮನ್ ಇದ್ದ. ಜುಲೈ ಮುಗಿಯುವುದರೊಳಗೆ ಡೆವರ್ಸ್ ಫಸ್ಟ್ ಬೇಸ್‌ನ ಗ್ಲೌಸ್ ತೊಟ್ಟು ಆಡತೊಡಗಿದ್ದ. ಅವನ ಕರಾರು 2033ರವರೆಗಿದೆ.